8.5 ಮೀಟರ್ ಅಂದ್ರೆ ನಮ್ಮ ಮನೆಯ ಎಷ್ಟನೇ ಮೆಟ್ಟಿಲು?

ಮಳೆಗಾಲದಲ್ಲಿ ನೇತ್ರಾವತಿ ಏರಿದ ದಿನ ಮಂಗಳೂರು, ಬಂಟ್ವಾಳ ಕಡೆಯ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಒಂದೇ ಮೆಸೇಜ್ ಓಡಾಡ್ತದೆ, ಬಂಟ್ವಾಳದಲ್ಲಿ ನದಿ ಈಗ ಇಷ್ಟು ಮೀಟರ್ ಉಂಟು, ಅಪಾಯದ ಮಟ್ಟ 8.5 ಮೀಟರ್ ಅಂತ. ನಮ್ಮ ಕಾಲೇಜಿನ ಸಿವಿಲ್ ಮಕ್ಕಳನ್ನು ಕರ್ಕೊಂಡು ಪಾಣೆಮಂಗಳೂರಿನ ಆಲಡ್ಕ ಕಡೆ ಸರ್ವೆಗೆ ಹೋಗಿದ್ದಾಗ ಹೊಳೆ ಬದಿಯ ಒಂದು ಮನೆಯ ಅಜ್ಜಿ ನಮ್ಮನ್ನೆಲ್ಲ ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಆಮೇಲೆ ಕೇಳಿದ್ರು, "ಮಾಷ್ಟ್ರೇ, ಈ ಎಂಟೂವರೆ ಮೀಟರ್ ಅಂತ ಹೇಳ್ತಾರಲ್ಲ, ಅದು ನಮ್ಮ ಮನೆಯ ಎಷ್ಟನೇ ಮೆಟ್ಟಿಲು?"

ನಮ್ಮ ಜೊತೆ ನೆದರ್ಲೆಂಡ್ಸಿಂದ ಬಂದ ನಾಲ್ಕು ಜನ ಸ್ಟೂಡೆಂಟ್ಸ್ ಇದ್ರು, ಅವರ ಲ್ಯಾಪ್‌ಟಾಪಲ್ಲಿ ಇಡೀ ನೇತ್ರಾವತಿಯ ನೆರೆ ಮಾಡೆಲ್, ಅಂದ್ರೆ ನೀರು ಎಲ್ಲಿ ಎಷ್ಟು ಏರ್ತದೆ ಅಂತ ಲೆಕ್ಕ ಹಾಕುವ ಪ್ರೋಗ್ರಾಂ ಇತ್ತು, ನಮ್ಮ ಮಕ್ಕಳ ಹತ್ರ ಎತ್ತರ ಅಳೆಯುವ ದುರ್ಬೀನು ಆಟೋ ಲೆವೆಲ್, ಅದಕ್ಕೆ ಹಿಡಿಯುವ ಅಳತೆಕೋಲು ಸ್ಟಾಫ್, ಟೇಪು ಎಲ್ಲ ಇತ್ತು. ಆದ್ರೂ ಆ ಪ್ರಶ್ನೆಗೆ ಉತ್ತರ ಕೊಡ್ಲಿಕ್ಕೆ ಯಾರಿಗೂ ಆಗ್ಲಿಲ್ಲ. ಆ ದಿನದಿಂದ ನನಗೆ ಇದನ್ನೊಮ್ಮೆ ಬಿಡಿಸಿ ಬರೀಬೇಕು ಅಂತ ಇತ್ತು. ನೆರೆ, ಗುಡ್ಡ ಕುಸಿತ, ಕಡಲ್ಕೊರೆತ, ಚಂಡಮಾರುತ ಇಂಥದ್ರ ಬಗ್ಗೆ ಬೇರೆ ಬೇರೆ ದೇಶದ ಕಾಲೇಜು, ಯೂನಿವರ್ಸಿಟಿಗಳು ಸೇರಿ ಕಲಿಯುದು, ಕಲಿಸುದು ಅಂತ ಈಗ ತುಂಬಾ ನಡೀತಾ ಉಂಟು. ಊರಲ್ಲಿ ಕೇಳಿದ್ರೆ "ಫಾರಿನ್ ಟೂರಾ ಸರ್?" ಅಂತಾರೆ. ಅಲ್ಲ ಮಾರಾಯ್ರೆ, ಅದರೊಳಗೆ ಎಂತ ಉಂಟು ಅಂತ ಹೇಳ್ತೇನೆ.

ಮೊದ್ಲು ರಿಸ್ಕ್ ಅನ್ನುವ ಶಬ್ದ. ಈ ವಿಷಯ ಕಲಿಸುವ ಎಲ್ಲ ಕಡೆ ಮೊದಲ ಕ್ಲಾಸಲ್ಲಿ ಬೋರ್ಡ್ ಮೇಲೆ ಬರುದು ಒಂದೇ ಲೆಕ್ಕ, ಹಜಾರ್ಡ್, ಎಕ್ಸ್‌ಪೋಶರ್, ವಲ್ನರಬಿಲಿಟಿ ಈ ಮೂರನ್ನೂ ಗುಣಿಸಿದ್ರೆ ರಿಸ್ಕ್. ಪಶ್ಚಿಮಘಟ್ಟದ ದಟ್ಟ ಕಾಡೊಳಗೆ ಒಂದು ಗುಡ್ಡ ಜರೀತದೆ ಅಂತ ಇಟ್ಕೊಳ್ಳಿ, ಅಲ್ಲಿ ಮನೆ ಇಲ್ಲ, ರಸ್ತೆ ಇಲ್ಲ, ಅದು ಬರೀ ಹಜಾರ್ಡ್, ಅಂದ್ರೆ ಪ್ರಕೃತಿಯ ಘಟನೆ ಅಷ್ಟೇ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಜರಿದಾಗ ಕೆಳಗೆ ನ್ಯಾಷನಲ್ ಹೈವೇ ಇತ್ತು, ಬದಿಯಲ್ಲಿ ಚಹಾದಂಗಡಿ ಇತ್ತು, ಲಾರಿಗಳು ನಿಂತಿದ್ವು, ಆಚೆ ಗಂಗಾವಳಿ ಹೊಳೆ. ಆ ದಾರಿಯಲ್ಲಿ ಯಾರು ಇದ್ರು, ಎಂತೆಲ್ಲ ಇತ್ತು ಅನ್ನುದೇ ಎಕ್ಸ್‌ಪೋಶರ್. ಮೂರನೇದು ವಲ್ನರಬಿಲಿಟಿ, ಪೆಟ್ಟು ಬಿದ್ರೆ ತಡ್ಕೊಳ್ಳುವ ತಾಕತ್ತು ಎಷ್ಟು ಕಮ್ಮಿ ಉಂಟು ಅಂತ. ಇದಕ್ಕೆ ಒಡಿಶಾದಷ್ಟು ಒಳ್ಳೆ ಉದಾಹರಣೆ ಬೇರೆ ಸಿಗುದಿಲ್ಲ. 1999ರ ಸೂಪರ್ ಸೈಕ್ಲೋನಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಜನ ಹೋದ್ರು, 2019ರಲ್ಲಿ ಫನಿ ಚಂಡಮಾರುತ ಬಂದಾಗ ಒಡಿಶಾದಲ್ಲಿ ಸತ್ತವರು 64. ಫನಿ 1999ರದ್ದಕ್ಕಿಂತ ಸ್ವಲ್ಪ ಕಮ್ಮಿ ಜೋರಿನದ್ದೇ ಇರ್ಬಹುದು, ಆದ್ರೆ ಹತ್ತು ಸಾವಿರ 64ಕ್ಕೆ ಇಳಿದದ್ದು ಗಾಳಿಯ ಲೆಕ್ಕದಿಂದ ಅಲ್ಲ. ನಡುವಿನ 20 ವರ್ಷದಲ್ಲಿ ಶೆಲ್ಟರ್ ಕಟ್ಟಿದ್ರು, ಮುನ್ಸೂಚನೆ ಸರಿ ಆಯ್ತು, ಹಳ್ಳಿಹಳ್ಳಿಯಲ್ಲಿ ಜನ ತಯಾರಾದ್ರು.

ಈಗ ನನ್ನ ಮಾತಿನ ಮುಖ್ಯ ಜಾಗಕ್ಕೆ ಬಂದೆ. ಈ ಮೂರರಲ್ಲಿ ಹಜಾರ್ಡ್ ಅನ್ನುದು ದೇಶ ದಾಟಿ ಬರ್ತದೆ. ನೀರು ಹರಿಯುವ ಫಿಸಿಕ್ಸ್ ರೈನ್ ನದಿಗೂ ಅದೇ, ನಮ್ಮ ಫಲ್ಗುಣಿ ಹೊಳೆಗೂ ಅದೇ, ಹಾಗಾಗಿ ನೆದರ್ಲೆಂಡ್ಸಿನ ಡೆಲ್ಫ್ಟಲ್ಲಿ ಬರೆದ ಸಾಫ್ಟ್‌ವೇರ್ ಸುರತ್ಕಲ್‌ನಲ್ಲಿ ಕೂತು ಓಡಿಸ್ಬಹುದು. ಉಳಿದ ಎರಡು ಹಾಗೆ ಬರುದಿಲ್ಲ, ಅದನ್ನು ಇಲ್ಲಿಯವರೇ ಇಲ್ಲಿಯೇ ತುಂಬಿಸ್ಬೇಕು. ನಾನು ನೋಡಿದ ಹಾಗೆ ಒಳ್ಳೆ ಸಹಯೋಗ, ಹೆಸರಿಗೆ ಮಾತ್ರದ ಸಹಯೋಗ, ಈ ಎರಡರ ನಡುವಿನ ವ್ಯತ್ಯಾಸ ಇರುದೇ ಇಲ್ಲಿ.

ನಮ್ಮದೇ ಕತೆ ಹೇಳ್ತೇನೆ. ಆ ಡಚ್ ಮಕ್ಕಳು ತಂದ ಪ್ರಶ್ನಾವಳಿಯನ್ನು ನಾವು ಕನ್ನಡಕ್ಕೆ ಮಾಡಿ ಹೋಗಿದ್ವು. ಮೂರನೇ ಪ್ರಶ್ನೆಯೇ ನಿಮ್ಮ ಮನೆಗೆ ಬೇಸ್‌ಮೆಂಟ್ ಉಂಟಾ ಅಂತ. ಪಾಣೆಮಂಗಳೂರಲ್ಲಿ ಯಾರ ಮನೆಗೆ ಬೇಸ್‌ಮೆಂಟ್? ಯುರೋಪಲ್ಲಿ ಜರ್ಮನಿಯಂಥ ಕಡೆ ಅದು ಮುಖ್ಯ, ಯಾಕಂದ್ರೆ ಅಲ್ಲಿ ಎಷ್ಟೋ ಮನೆಯಲ್ಲಿ ಹೀಟರ್, ವಾಷಿಂಗ್ ಮೆಷಿನ್ ಎಲ್ಲ ನೆಲದಡಿಯ ರೂಮಲ್ಲಿ ಇರ್ತದೆ, ನೆರೆಯ ನಷ್ಟ ಅಲ್ಲಿಂದಲೇ ಶುರು. ನಮ್ಮಲ್ಲಿ ನಷ್ಟ ಶುರು ಆಗುದು ಬಾವಿಯಿಂದ, ಕೊಟ್ಟಿಗೆಯಿಂದ, ಅಂಗಳದಲ್ಲಿ ಒಣಗಿಸಿ ಚೀಲ ಕಟ್ಟಿಟ್ಟ ಅಡಿಕೆಯಿಂದ. ಈ ಮೂರರ ಬಗ್ಗೆ ಆ ಫಾರ್ಮಲ್ಲಿ ಒಂದೇ ಒಂದು ಪ್ರಶ್ನೆ ಇರ್ಲಿಲ್ಲ. ಇಂಜಿನಿಯರಿಂಗಲ್ಲಿ ಡೆಪ್ತ್ ಡ್ಯಾಮೇಜ್ ಕರ್ವ್ ಅಂತ ಉಂಟು, ಮನೆಯೊಳಗೆ ಒಂದಡಿ ನೀರು ಬಂದ್ರೆ ಎಷ್ಟು ನಷ್ಟ, ಎರಡಡಿಗೆ ಎಷ್ಟು ಅಂತ ತೋರಿಸುವ ಗೆರೆ. ಯುರೋಪಿಯನ್ ಕಮಿಷನ್‌ನ ಜೆಆರ್‌ಸಿ ಸಂಸ್ಥೆ 2017ರಲ್ಲಿ ಖಂಡವಾರು ಅಂಥ ಗೆರೆಗಳನ್ನು ಪ್ರಕಟ ಮಾಡಿದೆ, ತುಂಬ ಉಪಕಾರದ ಕೆಲಸ, ಆದ್ರೆ ಇಡೀ ಏಷ್ಯಾಕ್ಕೆ ಒಂದು ಗೆರೆ ಎಳೆದ್ರೆ ಅದರಲ್ಲಿ ಆಲಡ್ಕದ ಬಾವಿ ಎಲ್ಲಿ ಕಾಣ್ತದೆ ಹೇಳಿ.

ಇನ್ನೊಂದು ವಿಷಯ ತೆಂಗಿನಮರದ್ದು. ನೆರೆಯ ಮ್ಯಾಪ್ ಮಾಡ್ಲಿಕ್ಕೆ ನೆಲದ ಎತ್ತರ ಬೇಕು, ಪ್ರಪಂಚದ ಎಷ್ಟೋ ಕಡೆ ಅದಕ್ಕೆ ಬಳಸುದು 2000ದ ಫೆಬ್ರವರಿಯಲ್ಲಿ ನಾಸಾದ ಸ್ಪೇಸ್ ಶಟಲ್ 11 ದಿನ ಸುತ್ತಿ ರೇಡಾರಲ್ಲಿ ಅಳೆದ ಎಸ್‌ಆರ್‌ಟಿಎಂ ಡೇಟಾ. ಫ್ರೀಯಾಗಿ ಸಿಗ್ತದೆ, 30 ಮೀಟರಿಗೊಂದು ಚೌಕ. ಆದ್ರೆ ಆ ರೇಡಾರ್ ದಟ್ಟ ಮರ ಇದ್ದಲ್ಲಿ ನೆಲದವರೆಗೆ ಸರಿಯಾಗಿ ಮುಟ್ಟುದಿಲ್ಲ, ಮರದ ತಲೆಯ ಹತ್ತಿರದ ಎತ್ತರವನ್ನೇ ನೆಲ ಅಂತ ಬರ್ಕೊಳ್ತದೆ. ನಮ್ಮ ಕರಾವಳಿ ಅಂದ್ರೆ ಇಡೀ ತೆಂಗು, ಅಡಿಕೆ ತೋಟ. ಹಾಗಾಗಿ ನಿಜದಲ್ಲಿ ನೀರು ನಿಲ್ಲುವ ತಗ್ಗು ತೋಟ ಕಂಪ್ಯೂಟರಿಗೆ ಎತ್ತರದ ಜಾಗ ಆಗಿ ಕಾಣ್ತದೆ, ಅಲ್ಲಿಗೆ ನೆರೆ ಬರುದಿಲ್ಲ ಅಂತ ಮ್ಯಾಪ್ ಹೇಳ್ತದೆ. ಇದು ಗೊತ್ತಿಲ್ಲದೆ ಮ್ಯಾಪ್ ನಂಬಿದ್ರೆ ಜನರ ಜೀವಕ್ಕೇ ಬರ್ತದೆ. ನಮ್ಮ ಹುಡುಗಿಯೊಬ್ಳು ಲೆವೆಲ್ ಇಟ್ಟು ಅಳೆದು ಇದನ್ನು ತೋರಿಸಿದಾಗ ಡಚ್ ಹುಡುಗ ಅಲ್ಲೇ ತೋಟದಲ್ಲಿ ನಿಂತು ಮಾಡೆಲ್ ತಿದ್ಲಿಕ್ಕೆ ಶುರು ಮಾಡಿದ. ಇಬ್ಬರೂ ಸೇರಿ ಕಲಿಯುದು ಅಂದ್ರೆ ಇದೇ.

ಅವರಿಗೆ ಈ ವಿದ್ಯೆ ಎಲ್ಲಿಂದ ಬಂತು ಅನ್ನುದನ್ನೂ ನೋಡ್ಬೇಕು, ಪುಸ್ತಕದಿಂದ ಬಂದದ್ದಲ್ಲ ಅದು. 1953ರ ಜನವರಿ 31ರ ರಾತ್ರಿ ಕಳೆದು ಫೆಬ್ರವರಿ 1 ಆಗುವ ಹೊತ್ತಿಗೆ ಉತ್ತರ ಸಮುದ್ರ ಉಕ್ಕಿ ದಂಡೆ ಒಡೆದು ನೆದರ್ಲೆಂಡ್ಸ್ ಒಂದರಲ್ಲೇ 1,836 ಜನ ಸತ್ರು. 1957ರಲ್ಲಿ ಡೆಲ್ಫ್ಟ್‌ನಲ್ಲಿ ಬೇರೆ ದೇಶದ ಇಂಜಿನಿಯರುಗಳಿಗೆ ನೀರಿನ ಪಾಠ ಹೇಳುವ ಕೋರ್ಸ್ ಶುರುವಾಯ್ತು, ಅದೇ ಇವತ್ತಿನ ಐಎಚ್‌ಇ ಡೆಲ್ಫ್ಟ್. ಜಪಾನೂ ಹಾಗೆಯೇ, ಭೂಕಂಪ, ಸುನಾಮಿ, ನೆರೆ ಎಲ್ಲ ಅನುಭವಿಸಿ ಅನುಭವಿಸಿ ಗಟ್ಟಿಯಾದ ದೇಶ, 2006ರಲ್ಲಿ ಯುನೆಸ್ಕೋ ಜೊತೆ ಸೇರಿ ತ್ಸುಕುಬಾದಲ್ಲಿ ಇಚಾರ್ಮ್ ಅಂತ ನೀರಿನ ವಿಪತ್ತುಗಳ ಕೇಂದ್ರ ಮಾಡಿ ಅಭಿವೃದ್ಧಿಶೀಲ ದೇಶದ ಇಂಜಿನಿಯರುಗಳಿಗೆ ಕಲಿಸ್ತಾ ಉಂಟು. ದೇಶಗಳ ಮಟ್ಟದಲ್ಲಿ ಇದಕ್ಕೊಂದು ಚೌಕಟ್ಟು ಸಿಕ್ಕಿದ್ದು ಕೂಡ ಜಪಾನಲ್ಲೇ. 2004ರ ಸುನಾಮಿ ಆಗಿ ನಾಲ್ಕು ವಾರದೊಳಗೆ, 2005ರ ಜನವರಿಯಲ್ಲಿ, ಕೋಬೆಯಲ್ಲಿ ವಿಪತ್ತಿನ ರಿಸ್ಕ್ ಕಮ್ಮಿ ಮಾಡುವ ಹ್ಯೋಗೋ ಒಪ್ಪಂದ ಆಯ್ತು, 2015ರ ಮಾರ್ಚಲ್ಲಿ ಸೆಂಡೈಯಲ್ಲಿ ಮುಂದಿನ 15 ವರ್ಷದ್ದು. ಸೆಂಡೈ ಒಪ್ಪಂದದ ನಾಲ್ಕು ಆದ್ಯತೆಗಳಲ್ಲಿ ಮೊದಲನೇದು ರಿಸ್ಕನ್ನು ಅರ್ಥ ಮಾಡ್ಕೊಳ್ಳುದು. ಕಾಂಕ್ರೀಟ್ ಸುರಿಯುದು ಅದರ ನಂತರ.

ದೂರದ ಪಾಠ ಉಪಯೋಗಕ್ಕೆ ಬರ್ತದಾ ಅಂತ ಯಾರಾದ್ರೂ ಕೇಳಿದ್ರೆ ನಾನು ಟಿಲ್ಲಿ ಸ್ಮಿತ್ ಅನ್ನುವ ಇಂಗ್ಲೆಂಡಿನ ಹುಡುಗಿಯ ಕತೆ ಹೇಳುದು. 2004ರ ಡಿಸೆಂಬರ್ 26, ಅವಳಿಗೆ ಆಗ 10 ವರ್ಷ, ಅಪ್ಪ ಅಮ್ಮನ ಜೊತೆ ಥಾಯ್ಲೆಂಡಿನ ಫುಕೆಟ್ ಬೀಚಲ್ಲಿ ಇದ್ಳು. ಸಮುದ್ರದ ನೀರು ಬಿಯರಿನ ನೊರೆ ಹಾಗೆ ಕಾಣ್ಲಿಕ್ಕೆ ಶುರುವಾದಾಗ ಅವಳಿಗೆ ನೆನಪಾಯ್ತು, ಎರಡು ವಾರ ಹಿಂದೆ ಜಿಯಾಗ್ರಫಿ ಕ್ಲಾಸಲ್ಲಿ ಹವಾಯಿಯ ಸುನಾಮಿಯ ವಿಡಿಯೋ ತೋರಿಸಿದ್ರು, ಅದ್ರಲ್ಲಿ ಇದ್ದದ್ದೂ ಹೀಗೆ ಅಂತ. ಅವಳು ಹಟ ಹಿಡಿದು ಹೇಳಿದ್ದರಿಂದ ಬೀಚ್ ಖಾಲಿ ಮಾಡಿಸಿದ್ರು, ಸುಮಾರು ನೂರು ಜನ ಬದುಕಿದ್ರು. ಹವಾಯಿಯ ಅನುಭವ, ಇಂಗ್ಲೆಂಡಿನ ಕ್ಲಾಸ್‌ರೂಮು, ಥಾಯ್ಲೆಂಡಿನ ಕಡಲ ತೀರ. ಅದೇ ದಿನ ಇಂಡೋನೇಷ್ಯಾದ ಸಿಮ್ಯೂಲು ದ್ವೀಪದಲ್ಲಿ, ಅಂದ್ರೆ ಭೂಕಂಪದ ತೀರ ಹತ್ರ, ಸುಮಾರು 78 ಸಾವಿರ ಜನರಲ್ಲಿ ಸತ್ತದ್ದು ಏಳೇ ಜನ ಅಂತ ದಾಖಲೆ. ಅಲ್ಲಿ ಸೈರನ್ ಇರ್ಲಿಲ್ಲ, ಸೆನ್ಸರ್ ಇರ್ಲಿಲ್ಲ. 1907ರಲ್ಲಿ ಬಂದ ದೊಡ್ಡ ಅಲೆಯ ನಂತರ ಅಜ್ಜ ಅಜ್ಜಿಯಂದಿರು ಮಕ್ಕಳಿಗೆ ಹಾಡಿ, ಹೇಳಿ ಉಳಿಸಿದ ಒಂದು ಶಬ್ದ ಇತ್ತು, ಸ್ಮೋಂಗ್. ನೆಲ ಜೋರಾಗಿ ಅಲುಗಿ ಕಡಲು ಹಿಂದೆ ಹೋದ್ರೆ ಗುಡ್ಡಕ್ಕೆ ಓಡ್ಬೇಕು, ಅಷ್ಟೇ ಅದರ ಅರ್ಥ. ಯಾರೋ ಒಬ್ಬ ಸ್ಮೋಂಗ್ ಅಂತ ಕೂಗಿದ್ರೆ ಸಾಕಿತ್ತು.

ನಮ್ಮಲ್ಲಿ ಅಂಥ ಶಬ್ದ ಇಲ್ವಾ? ಉಂಟು. 1923ರ ನೆರೆಗೆ ತುಳುವಲ್ಲಿ ಮಾರಿ ಬೊಳ್ಳ ಅಂತ ಹೆಸರು, ನೂರು ವರ್ಷ ಕಳೆದ್ರೂ ಜನ ಮರೀಲಿಲ್ಲ. ಆಮೇಲೆ 1974ರದ್ದು. ಪಾಣೆಮಂಗಳೂರು ಕಡೆಯ ಹಳೇ ಮನೆಯೊಂದರ ಕಂಬದಲ್ಲಿ ಉಳಿಯಲ್ಲಿ ಕೆತ್ತಿದ ಒಂದು ಗೆರೆ ಉಂಟು, ಅಲ್ಲಿಯ ಅಜ್ಜ ಅದರ ಮೇಲೆ ಬೆರಳಿಟ್ಟು "ಮುಲ್ಪ ಮುಟ್ಟ ನೀರ್ ಬತ್ತ್‌ದಿತ್ತ್ಂಡ್ ಮಗಾ" ಅಂದ್ರು, ಇಲ್ಲಿವರೆಗೆ ನೀರು ಬಂದಿತ್ತು ಅಂತ. ನಮ್ಮ ಮಾಡೆಲಿಗೆ ಆ ಗೆರೆಯಷ್ಟು ಬೆಲೆಬಾಳುವ ಡೇಟಾ ಬೇರೆ ಇರ್ಲಿಲ್ಲ, ಯಾಕಂದ್ರೆ ಅಂಥ ಹಳೇ ನೆರೆ ಮನೆಮನೆಗೆ ಎಷ್ಟೆತ್ತರ ಬಂತು ಅನ್ನುದು ಯಾವ ಆಫೀಸಿನ ರಿಜಿಸ್ಟರಲ್ಲೂ ನಮಗೆ ಸಿಕ್ಕಿರ್ಲಿಲ್ಲ.

ನೂರು ವರ್ಷದ ನೆರೆ ಅಂತ ಹೇಳುದನ್ನು ತುಂಬಾ ಜನ ತಪ್ಪು ತಿಳ್ಕೊಳ್ತಾರೆ, ಒಮ್ಮೆ ಬಂತಲ್ಲ, ಇನ್ನು ನೂರು ವರ್ಷ ನಿಶ್ಚಿಂತೆ ಅಂತ. ಹಾಗಲ್ಲ, ಪ್ರತಿ ವರ್ಷ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ ಅದರ ಅರ್ಥ. 30 ವರ್ಷದ ಹೋಮ್ ಲೋನ್ ತೆಗೊಂಡು ಅಂಥ ಜಾಗದಲ್ಲಿ ಮನೆ ಕಟ್ಟಿದ್ರೆ, ಲೋನ್ ಮುಗಿಯುವುದರೊಳಗೆ ಅಂಥ ನೆರೆ ಒಮ್ಮೆಯಾದ್ರೂ ಬರುವ ಸಾಧ್ಯತೆ ಸುಮಾರು 26 ಶೇಕಡಾ, ನಾಲ್ಕರಲ್ಲಿ ಒಂದು. ಅದೂ ಹಳೇ ಮಳೆಯ ಲೆಕ್ಕ ಹಾಗೇ ಇದ್ರೆ ಮಾತ್ರ. ಹವಾಮಾನ ಬದಲಾವಣೆಯ ದೊಡ್ಡ ತಲೆಬಿಸಿ ಇದೇ, ಹಳೇ ಲೆಕ್ಕ ನಂಬಿ ಚರಂಡಿ, ಸೇತುವೆ ಕಟ್ಟುವ ಹಾಗಿಲ್ಲ. ಅರಬ್ಬಿ ಸಮುದ್ರ ಬಿಸಿಯಾಗ್ತಾ ಉಂಟು, 1982ರಿಂದ 2019ರ ತನಕದ ದಾಖಲೆ ನೋಡಿದ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು 2001ರ ನಂತರ ಇಲ್ಲಿಯ ಚಂಡಮಾರುತಗಳ ಸಂಖ್ಯೆ 52 ಶೇಕಡಾ ಜಾಸ್ತಿಯಾಗಿದೆ ಅಂತ ತೋರಿಸಿದ್ದಾರೆ. 2018ರ ಮೇ 29ರ ಮಂಗಳೂರು ನೆನಪು ಮಾಡ್ಕೊಳ್ಳಿ, ಮಳೆಗಾಲ ಸರಿಯಾಗಿ ಶುರುವಾಗುವ ಮೊದ್ಲೇ ಪೇಟೆ ಪೂರಾ ನೀರು. 2020ರ ಸೆಪ್ಟೆಂಬರ್ 20ಕ್ಕೆ ಉಡುಪಿ. ರೆಸಿಲಿಯೆನ್ಸ್ ಅಂತ ದೊಡ್ಡದಾಗಿ ಹೇಳ್ತಾರಲ್ಲ, ನಾನು ಮಕ್ಕಳಿಗೆ ಹೇಳುದು ಇಷ್ಟೇ, ನೀರು ಬಂದು ಹೋದ ಮೇಲೆ ಶಾಲೆ, ಅಂಗಡಿ, ಬಾವಿ ಎಷ್ಟು ದಿನದಲ್ಲಿ ಮೊದಲಿನ ಹಾಗೆ ಆಗ್ತದೆ ಅಂತ ಎಣಿಸಿ, ಅದು ಕಮ್ಮಿ ಆದಷ್ಟೂ ಊರು ಗಟ್ಟಿ.

ವಿದ್ಯೆ ಯಾವಾಗಲೂ ಆ ಕಡೆಯಿಂದ ಈ ಕಡೆ ಬರುದು ಅಂತ ತಿಳ್ಕೊಳ್ಬೇಡಿ. ನಮ್ಮ ಪಕ್ಕದ ಕೇರಳದ ಮೀನುಗಾರರ ಒಂದು ಶಬ್ದ ಕಳ್ಳಕ್ಕಡಲ್, ಕಳ್ಳನ ಹಾಗೆ ಬರುವ ಕಡಲು. ಇಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ಶುಭ್ರ, ಆದ್ರೆ ಒಮ್ಮೆಲೇ ಕಡಲು ಉಕ್ಕಿ ಮನೆಯಂಗಳಕ್ಕೆ ಬರ್ತದೆ. ಕಾರಣ ಇರುದು ಸಾವಿರಾರು ಕಿಲೋಮೀಟರ್ ದೂರ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆ ಕೆಲವು ದಿನ ಪ್ರಯಾಣ ಮಾಡಿ ನಮ್ಮ ದಡಕ್ಕೆ ಮುಟ್ಟುದು. ವಿಜ್ಞಾನಿಗಳು ಇದನ್ನು ಬಿಡಿಸಿ ಹೇಳುವ ಎಷ್ಟೋ ಮೊದ್ಲೇ ದೋಣಿಯವರಿಗೆ ಗೊತ್ತಿತ್ತು, ಹೆಸರೂ ಇಟ್ಟಿದ್ರು, 2012ರಲ್ಲಿ ಯುನೆಸ್ಕೋ ಆ ಹೆಸರನ್ನೇ ಅಧಿಕೃತವಾಗಿ ಒಪ್ಪಿತು. ಈಗ ಹೈದರಾಬಾದಿನಲ್ಲಿರುವ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕಳ್ಳಕ್ಕಡಲ್ ಅಂತಲೇ ಅಲರ್ಟ್ ಕೊಡ್ತದೆ. ಅದೇ ಇನ್‌ಕಾಯ್ಸ್‌ನಲ್ಲಿ ಸಮುದ್ರ ವಿಜ್ಞಾನದ ಅಂತಾರಾಷ್ಟ್ರೀಯ ತರಬೇತಿ ಕೇಂದ್ರವೂ ಉಂಟು, ಹಿಂದೂ ಮಹಾಸಾಗರದ ಸುತ್ತಮುತ್ತಲ ದೇಶದವರು ಕಲೀಲಿಕ್ಕೆ ಅಲ್ಲಿಗೆ ಬರ್ತಾರೆ. ಉಳ್ಳಾಲ, ಮಲ್ಪೆಯ ಮೀನುಗಾರರ ಮಕ್ಕಳು ಡಿಗ್ರಿ ಓದ್ತಾ ಇದ್ರೆ ಈ ಸುದ್ದಿ ಅವರಿಗೆ ಹೇಳಿ, ಅಪ್ಪನಿಂದ ಕೇಳಿ ಬಂದ ಕಡಲಿನ ತಿಳುವಳಿಕೆಗೆ ಅಲ್ಲೆಲ್ಲ ನಿಜವಾಗ್ಲೂ ಬೆಲೆ ಉಂಟು.

ಗುಡ್ಡ ಕುಸಿತದ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಒಂದು ಸಹಯೋಗ ಲ್ಯಾಂಡ್‌ಸ್ಲಿಪ್. ಬ್ರಿಟಿಷ್ ಜಿಯಾಲಾಜಿಕಲ್ ಸರ್ವೆ ಮುಂದಾಳು, ನಮ್ಮ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಜಿಎಸ್‌ಐ, ಕೇರಳ ಕಡೆಯ ಅಮೃತಾ ವಿಶ್ವವಿದ್ಯಾಲಯ, ಲಂಡನ್ನಿನ ಕಿಂಗ್ಸ್ ಕಾಲೇಜು, ಇಟಲಿಯ ಸಂಶೋಧಕರು ಎಲ್ಲ ಸೇರಿ ಡಾರ್ಜಿಲಿಂಗ್ ಮತ್ತು ನೀಲಗಿರಿಯಲ್ಲಿ ಕೆಲಸ ಮಾಡಿದ್ರು. ಎಷ್ಟು ಮಳೆ ಬಂದ್ರೆ ಎಲ್ಲಿ ಗುಡ್ಡ ಜರಿಯುವ ಸಾಧ್ಯತೆ ಅಂತ ಲೆಕ್ಕ ಕಟ್ಟಿ, 2020ರ ಮಳೆಗಾಲದಿಂದ ಆ ಎರಡು ಕಡೆ ಪ್ರಾಯೋಗಿಕ ಬುಲೆಟಿನ್ ಬರ್ಲಿಕ್ಕೆ ಶುರುವಾಯ್ತು, 2024ರ ಜುಲೈಯಲ್ಲಿ ಕೋಲ್ಕತ್ತಾದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವೇ ಆಯ್ತು. ಪ್ರಾಜೆಕ್ಟ್ ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ ಅಂತ ನನಗೆ ಅದು ಇಷ್ಟ. ಆದ್ರೆ ನೀಲಗಿರಿಯ ಲೆಕ್ಕವನ್ನು ನೇರ ತಂದು ಮಂಗಳೂರಿಗೆ ಹಾಕ್ಲಿಕ್ಕೆ ಆಗುದಿಲ್ಲ. ನಮ್ಮ ಪದವುಗಳಲ್ಲಿ, ಅಂದ್ರೆ ಗುಡ್ಡದ ಮೇಲಿನ ಬಯಲಲ್ಲಿ, ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿದಾಗ ಶೇಡಿಯನ್ನು ಹಾರೆಯಲ್ಲಿ ಕಡೀಲಿಕ್ಕೂ ಕಷ್ಟ, ನೀರು ಕುಡಿದು ಚಂಡಿ ಆಯ್ತೋ ಶಕ್ತಿಯೇ ಹೋಗ್ತದೆ, ಕೈಯಲ್ಲಿ ಹಿಚುಕಿದ್ರೆ ಬೆಣ್ಣೆ ಹಾಗೆ ಜಾರ್ತದೆ. ಮೇಲಿನ ಕಲ್ಲು ನೋಡಿ ಗಟ್ಟಿ ನೆಲ ಅಂತ ಜೆಸಿಬಿಯಲ್ಲಿ ನೇರ ಗೋಡೆ ಹಾಗೆ ಬರೆ, ಅಂದ್ರೆ ಗುಡ್ಡದ ಬದಿ, ಕಡಿದು ಅದರಡಿ ಮನೆ ಕಟ್ಟಿದ್ರೆ, ಆಟಿಯ ಮಳೆಗೆ ಬರೆ ಜರಿದು ಬೀಳುದು ಇದೇ ಕಾರಣಕ್ಕೆ. ಈ ಮಣ್ಣಿನ ಮೇಲೆ ಸುರತ್ಕಲ್ ಎನ್‌ಐಟಿಕೆಯಲ್ಲಿ ಎಷ್ಟೋ ವರ್ಷದಿಂದ ಸಂಶೋಧನೆ ಆಗಿದೆ. ಹೊರಗಿನವರು ಲೆಕ್ಕದ ವಿಧಾನ ತರ್ಲಿ, ಶೇಡಿಯ ಗುಣ ನಾವು ಹೇಳ್ಬೇಕು.

ಸಹಯೋಗದಲ್ಲಿ ಬೇಸರದ ವಿಷಯವೂ ಉಂಟು, ಅದನ್ನು ಮುಚ್ಚಿಡ್ಲಿಕ್ಕೆ ನನಗೆ ಮನಸ್ಸಿಲ್ಲ. ಇಂಥ ಪ್ರಾಜೆಕ್ಟಿನ ಹಣ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷಕ್ಕೆ. ಅದು ಮುಗಿದ ಮೇಲೆ ಡೇಟಾ ಕಳಿಸುವ ಮಷಿನಿನ ಸಿಮ್ ರೀಚಾರ್ಜ್ ಮಾಡುವವರು ಯಾರು ಅಂತ ಯಾರೂ ಬರ್ದಿಡುದಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ, ಕಡಲ ಬದಿಯಲ್ಲಿ ಹಾಕಿದ್ದ ಒಂದು ಮಳೆಮಾಪಕ ಎರಡನೇ ಮಳೆಗಾಲಕ್ಕೆ ಉಪ್ಪುಗಾಳಿಗೆ ತುಕ್ಕು ಹಿಡಿದು, ಅದರ ಕೊಳವೆಯೊಳಗೆ ಇರುವೆ ಗೂಡು. ರಿಪೋರ್ಟ್ ಇಂಗ್ಲಿಷಲ್ಲಿ ಬಂತು, ಸರ್ವೆಗೆ ಮನೆಯ ಬಾಗಿಲು ತೆರೆದವರಿಗೆ ಅದರ ಒಂದು ಪುಟವೂ ಮುಟ್ಲಿಲ್ಲ. ಹಾಗಾಗಿ ನಿಮ್ಮ ಕಾಲೇಜಲ್ಲಿ ಎಂಒಯು, ಅಂದ್ರೆ ಸಹಯೋಗದ ಒಪ್ಪಂದಕ್ಕೆ, ಸಹಿ ಆಗುವಾಗ ಮೂರು ವಿಷಯ ಕೇಳಿ, ಡೇಟಾ ಯಾರ ಹತ್ರ ಉಳೀತದೆ, ಮುಗಿದ ಮೇಲೆ ಮಷಿನ್ ನೋಡ್ಕೊಳ್ಳುವವರು ಯಾರು, ಊರಿನವರಿಗೆ ಅವರ ಭಾಷೆಯಲ್ಲಿ ಎಂತ ಕೊಡ್ತೀರಿ ಅಂತ. ಕನ್ನಡ, ತುಳು, ಬ್ಯಾರಿ, ಕೊಂಕಣಿ ನಾಲ್ಕೂ ಒಂದೇ ಕೇರಿಯಲ್ಲಿ ಕೇಳುವ ಊರು ನಮ್ಮದು.

ಕಲೀಲಿಕ್ಕೆ ಹೋಗ್ಬೇಕು ಅನ್ನುವ ಮಕ್ಕಳಿಗೆ ದಾರಿ ಉಂಟು. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯಡಿ ಫ್ಲಡ್ ರಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಎರಡು ವರ್ಷದ ಮಾಸ್ಟರ್ಸ್ ನಡೆದುಕೊಂಡು ಬಂದಿದೆ, ಡ್ರೆಸ್ಡೆನ್, ಡೆಲ್ಫ್ಟ್, ಬಾರ್ಸಿಲೋನಾ, ಲ್ಯುಬ್ಲಿಯಾನಾ ನಾಲ್ಕು ಕಡೆ ಸುತ್ತಿ ಕಲಿಯುದು. ಅರ್ಜಿ ಹಾಕುವ ಮೊದ್ಲು ಆ ವರ್ಷಕ್ಕೆ ಸ್ಕಾಲರ್‌ಶಿಪ್ ಉಂಟಾ ನೋಡಿ. ಸರ್ಕಾರಿ ಇಂಜಿನಿಯರುಗಳಿಗೆ ಇಚಾರ್ಮಿನ ಒಂದು ವರ್ಷದ ಕೋರ್ಸ್.

ಇನ್ನು ಅಜ್ಜಿಯ ಮೆಟ್ಟಿಲು. ಮಾಡೆಲಲ್ಲಿ ಸಿಗದ ಉತ್ತರ ಸಿಕ್ಕಿದ್ದು ಅವರ ಮೊಮ್ಮಗಳ ಮೊಬೈಲಲ್ಲಿ. 2019ರ ಆಗಸ್ಟಿನ ನೆರೆಯಲ್ಲಿ ಅವಳು ಬಾಗಿಲಲ್ಲಿ ನಿಂತು ತೆಗೆದ ಒಂದು ಫೋಟೋ ಇತ್ತು, ನೀರು ಮೆಟ್ಟಿಲಿನ ಅಂಚಿಗೆ ನಿಂತದ್ದು ಸರಿಯಾಗಿ ಕಾಣ್ತದೆ, ಫೋಟೋದಲ್ಲಿ ತಾರೀಕು, ಟೈಮು ಎರಡೂ ಉಂಟು. ಆ ಹೊತ್ತಿಗೆ ಬಂಟ್ವಾಳದಲ್ಲಿ ನದಿ ಎಷ್ಟು ಮೀಟರ್ ಇತ್ತು ಅಂತ ದಾಖಲೆ ನೋಡಿದ್ವು. ಒಂದು ಮೆಟ್ಟಿಲು ಏಳು ಇಂಚು. ಅಲ್ಲಿಂದ ಕೆಳಗೆ ಇಳಿಸ್ತಾ ಬಂದ್ರೆ 8.5 ಎಲ್ಲಿಗೆ ಬರ್ತದೆ ಅಂತ ಲೆಕ್ಕ ಸಿಗ್ತದೆ. ಹೊಳೆಯ ನೀರು ಬಟ್ಟಲಿನ ನೀರಿನ ಹಾಗೆ ಸಮ ಇರುದಿಲ್ಲ, ಹರಿಯುವ ಕಡೆಗೆ ಸಣ್ಣ ಇಳಿಜಾರು ಇರ್ತದೆ, ಹಾಗಾಗಿ ಅದನ್ನೂ ಸೇರಿಸ್ಬೇಕು, ಒಂದರ್ಧ ಅಡಿ ಆಚೀಚೆ ಆಗ್ಬಹುದು ಅಂತ ಅವರಿಗೆ ಬಾಯಿಬಿಟ್ಟು ಹೇಳಿದ್ವು. ಡಚ್ ಹುಡುಗ ಲೆಕ್ಕ ಮಾಡಿದ, ನಮ್ಮ ಹುಡುಗಿ ಲೆವೆಲ್ ನೋಡಿದ್ಳು, ಮೊಮ್ಮಗಳು ಸ್ಟಾಫ್ ಹಿಡ್ಕೊಂಡು ಅಂಗಳವಿಡೀ ನಡೆದ್ಳು.

ಲೆಕ್ಕ ಹೇಳಿದ್ದು ನಾವು ಯಾರೂ ಎಣಿಸಿರದ ಒಂದು ವಿಷಯ. 8.5ಕ್ಕೆ ನೀರು ಮೆಟ್ಟಿಲು ಮುಟ್ಟುದೇ ಇಲ್ಲ, ಆದ್ರೆ ಅಂಗಳದ ತಗ್ಗಲ್ಲಿರುವ ಬಾವಿಯ ಕಟ್ಟೆ ಗಿಡ್ಡ, ಅದರ ಒಂದು ಬದಿ ಕಲ್ಲು ಬೇರೆ ಸಡಿಲ ಆಗಿತ್ತು, ಅಷ್ಟು ಹೊತ್ತಿಗೆ ಕೆಂಪು ನೀರು ಅಲ್ಲಿಂದ ಬಾವಿಗೆ ಇಳಿದು ಆಗಿರ್ತದೆ. ಅದನ್ನು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಬಾವಿಯನ್ನೇ ನೋಡಿದ್ರು. ಆಮೇಲೆ ಮೊಮ್ಮಗಳಿಗೆ, "ಹಾಗಾದ್ರೆ ಮಗಾ, ಇನ್ನು ಏಳೂವರೆ ಅಂತ ಮೆಸೇಜ್ ಬಂದ ಕೂಡ್ಲೇ ನನಗೆ ಹೇಳು, ಎರಡು ಕೊಡಪಾನ ಕುಡಿಯುವ ನೀರು ಸೇದಿ ಒಳಗೆ ಇಡುವ" ಅಂದ್ರು. ಮೊಮ್ಮಗಳು ಒಳಗಿಂದ ಸುಣ್ಣ ತಂದು ಬಾವಿಕಟ್ಟೆಗೆ ಒಂದು ಗೆರೆ ಎಳೆದ್ಳು. ಪಕ್ಕದ ಮನೆಯವರು ಬೇಲಿ ಹತ್ರ ಬಂದು ನಿಂತಿದ್ರು, ನಮ್ಮ ಬಾವಿಗೂ ಒಮ್ಮೆ ನೋಡಿ ಹೇಳಿ ಮಾಷ್ಟ್ರೇ ಅಂತ.